ಅಟ್ಟದ ಮೇಲಿನ ಒಂದು ವರ್ಷ: ಉಂಡೆ ಕೊಬ್ಬರಿ ರಸಿಕರಿಗೊಂದು ಕೈಪಿಡಿ

ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಅಲ್ಲಿನ ಕಾರ್ಖಾನೆಗಳಿಗೆ ದೂರದೂರುಗಳಿಂದ ಕೆಲಸಕ್ಕೆ ಬಂದವರು ಒಂದು ರಜೆಯ ದಿನ ಗುಬ್ಬಿ ದಾಟಿ ತಿಪಟೂರಿನ ಕಡೆಗೆ ಹೋಗಿಬರಬೇಕು. ತೆಂಗಿನ ತೋಟಗಳ ನಡುವೆ, ಮನೆಗೆ ಅಂಟಿಕೊಂಡಂತೆ, ಅಟ್ಟ ಕಟ್ಟಿದ ಕೊಬ್ಬರಿ ಶೆಡ್ಡುಗಳು ಕಾಣುತ್ತವೆ. ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ರಾಶಿ ಉಂಡೆ ಕೊಬ್ಬರಿಗೆ ಎರಡು ಬೆಲೆ ಏಕೆ ಎನ್ನುವ ಪ್ರಶ್ನೆಗೆ ಉತ್ತರ ಆ ಅಟ್ಟದ ಮೇಲಿದೆ.

ಕಾಲದ ಕೆಲಸ

ಎಣ್ಣೆಗೆ ಬೇಕಾದ ಹೋಳು ಕೊಬ್ಬರಿ ಬಿಸಿಲಿನಲ್ಲೋ ಗೂಡಿನ ಶಾಖದಲ್ಲೋ ಕೆಲವೇ ದಿನಗಳಲ್ಲಿ ಒಣಗುತ್ತದೆ. ಉಂಡೆಗೆ ಅವಸರ ಒಗ್ಗದು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿಯೇ ಇಂಗುತ್ತದೆ, ತಿರುಳು ಕರಟ ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಕೊಬ್ಬರಿಯ ರಸಿಕತೆ ಶುರುವಾಗುವುದು ಕಿವಿಯಿಂದ.

ಪೋರ್ಚುಗಲ್ಲಿನ ಡೌರೊ ಕಣಿವೆಯ ವಿಂಟೇಜ್ ಪೋರ್ಟ್ ವೈನಿನ ಬೆಲೆಯ ಹಿಂದೆಯೂ ಇಂಥದೇ ಕಾಯುವಿಕೆಯಿದೆ. ಒಳ್ಳೆಯ ವರ್ಷದ ದ್ರಾಕ್ಷಿಯಿಂದ ಮಾತ್ರ ತಯಾರಾಗುವ ಅದು ಬಾಟಲಿಯಲ್ಲಿ ದಶಕಗಟ್ಟಲೆ ಮಾಗುತ್ತದೆ. ನಮ್ಮ ಕೊಬ್ಬರಿಗೆ ಅಷ್ಟು ಆಯುಸ್ಸಿಲ್ಲ. ಹದ ಮೀರಿದರೆ ಕೌಟು ಹಿಡಿಯುತ್ತದೆ. ಆದ್ದರಿಂದಲೇ ಯಾವಾಗ ಇಳಿಸಬೇಕು ಎಂದು ತಿಳಿದವರ ಸರಕಿಗೆ ಬೆಲೆ.

ಬೆಲೆ ಏರುವುದೇಕೆ?

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ, ತಿಪಟೂರು ಎಪಿಎಂಸಿಯಲ್ಲಿ ದರ 20,000 ದಾಟಿತು. ನಡುವೆ 2023ರ ಬರ ಬಂದಿತ್ತು. ನುಸಿ, ಕಪ್ಪುತಲೆ ಹುಳುವಿನ ಕಾಟವಂತೂ ಇದ್ದೇ ಇದೆ. ಎಳನೀರಿಗೆ, ಹಸಿ ಕಾಯಿಗೆ ಒಳ್ಳೆಯ ದರ ಕೈಗೆ ಸಿಕ್ಕಿದರೆ ರೈತ ವರ್ಷವಿಡೀ ಏಕೆ ಕಾದಾನು? ಇವತ್ತಿನ ದರದಲ್ಲಿ ಹೋದ ವರ್ಷ ಅಟ್ಟ ಹತ್ತದೇ ಹೋದ ಕಾಯಿಯ ಲೆಕ್ಕವಿರುತ್ತದೆ. ಅದರ ಜೊತೆಗೆ ಉತ್ತರ ಭಾರತದ ಹಬ್ಬ, ಮದುವೆಗಳ ಬೇಡಿಕೆಯೂ ಸೇರುತ್ತದೆ.

ತೋಟದಿಂದ ತೋಟಕ್ಕೆ ಬೇರೆಯೇಕೆ?

ಬಲಿಯುವ ಮೊದಲೇ ಕಿತ್ತ ಕಾಯಿಯ ಉಂಡೆ ಸುಕ್ಕುಗಟ್ಟುತ್ತದೆ. ಗಾಳಿಯಾಡದ ಅಟ್ಟದಲ್ಲಿ ಬೂಷ್ಟು ಹಿಡಿಯುತ್ತದೆ. ಕೊನೆಯದು ಕೈಚಳಕ: ಕರಟ ಒಡೆಯುವಾಗ ಏಟು ಒಂದಿಷ್ಟು ಹೆಚ್ಚಾದರೂ ಉಂಡೆ ಸೀಳಿ ಹೋಳಿನ ದರಕ್ಕೆ ಇಳಿಯುತ್ತದೆ. ವರ್ಷದ ಕಾಯುವಿಕೆ ಆ ಒಂದು ಏಟಿನಲ್ಲಿ ಉಳಿಯಬೇಕು ಇಲ್ಲವೇ ಕಳೆಯಬೇಕು. ಮೂರನ್ನೂ ಜೋಪಾನ ಮಾಡಿದವರ ಮಾಲಿಗೆ ವರ್ತಕರು ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯವೇ.

ಆರಿಸುವ ಬಗೆ

ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಗಟ್ಟಿಯಾಗಿರಬೇಕು. ಕಂದು ಸಿಪ್ಪೆ ನಯವಾಗಿ, ಗಾಯವಿಲ್ಲದೆ ಇರಲಿ. ಕತ್ತರಿಸಿದರೆ ಒಳಗೆ ಬೆಳ್ಳಗಿರಬೇಕು. ಮೂಗಿಗೆ ಹಿಡಿಯಿರಿ, ಕೌಟು ವಾಸನೆ ಬಂದರೆ ಬಿಟ್ಟುಬಿಡಿ. ಚೂರೊಂದನ್ನು ನಿಧಾನವಾಗಿ ಅಗಿಯಿರಿ: ಮೊದಲು ಎಣ್ಣೆಯ ಜಿಡ್ಡು ನಾಲಿಗೆಗೆ ತಾಗುತ್ತದೆ, ಸಿಹಿ ಆಮೇಲೆ ಬರುತ್ತದೆ. ಚೂರು ಬೆಲ್ಲದ ಜೊತೆ ತಿಂದರೆ ಆ ಸಿಹಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಕೊಳ್ಳುವಾಗ ಗಾತ್ರವೊಂದನ್ನೇ ನೋಡಿ ಚೌಕಾಸಿಗೆ ಇಳಿಯಬೇಡಿ. ಯಾವ ಊರಿನ ತೋಟದ್ದು, ಅಟ್ಟದಲ್ಲಿ ಎಷ್ಟು ತಿಂಗಳಿತ್ತು ಎಂದು ಕೇಳಿ. ಸರಿಯಾದ ಉತ್ತರ ಕೊಟ್ಟವರಿಗೆ ಕೇಳಿದ ಬೆಲೆ ಕೊಟ್ಟು ಬನ್ನಿ. ಒಬ್ಬ ರೈತ ವರ್ಷವಿಡೀ ಕಾದದ್ದಕ್ಕೆ ಸಲ್ಲಬೇಕಾದ ಹಣ ಅದು.