ಬೆಲ್ಲದ ಕೊಳೆ, ನೀಲಿ ಉರಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಅಬಕಾರಿ ದಾಳಿಯ ಸುದ್ದಿಗೆ ಒಂದೇ ಅಚ್ಚು. ಹಳ್ಳದ ದಂಡೆ, ಮುಳ್ಳುಕಂಟಿಯ ಮರೆ, ಹೂತಿಟ್ಟ ಕೊಡಗಳು. ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ, ಇಷ್ಟು ಲೀಟರ್ ಕಳ್ಳಬಟ್ಟಿ ಸಾರಾಯಿ ಜಪ್ತಿ. ಚೆಲ್ಲಿದ್ದು ಎಷ್ಟು ಎಂಬುದು ತಿಳಿಯುತ್ತದೆ. ಚೆಲ್ಲಿದ್ದು ಏನು, ಅದನ್ನು ಮಾಡಿದ ಕೈ ಎಲ್ಲಿ ಸರಿಯಿತ್ತು, ಎಲ್ಲಿ ತಪ್ಪಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಕಳ್ಳಬಟ್ಟಿಯನ್ನು ಪಾಪವೆಂದು ಬೈಯುವವರಿದ್ದಾರೆ, ಜಾನಪದವೆಂದು ಮೆಚ್ಚುವವರೂ ಇದ್ದಾರೆ. ಅಡುಗೆಯನ್ನೋ ನೇಯ್ಗೆಯನ್ನೋ ನೋಡುವ ಹಾಗೆ, ಮನುಷ್ಯರು ಮಾಡುವ ಒಂದು ಕೆಲಸವೆಂದು ಅದನ್ನು ನೋಡಿದವರು ಕಡಿಮೆ. ಜನ ಅದನ್ನು ಕುಡಿಯುತ್ತಾರೆ, ಕುಡಿದು ಹಾಳಾಗುತ್ತಾರೆ. ಹಾಗಾಗಿ ಹಾಗೆ ನೋಡಲೇಬೇಕು.

ಮೊದಲು ಕೊಳೆ. ತಿನ್ನಲು ಯಾರೂ ಕೊಳ್ಳದ ಕಪ್ಪು ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಜಾಲಿಯ ತೊಗಟೆ ಮತ್ತು ನವಸಾಗರದ ತುಂಡು ಹಾಕಿ, ಬಾಯಿ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಇಡುತ್ತಾರೆ. ಈ ಕೆಲಸದಲ್ಲಿ ಇದೇ ಉತ್ತಮ ಭಾಗ ಎಂದು ನನ್ನ ತೀರ್ಮಾನ. ಬಿಳಿ ಸಕ್ಕರೆಯಲ್ಲಿ ಸಿಹಿ ಬಿಟ್ಟರೆ ಯೀಸ್ಟಿಗೆ ಬೇಕಾದದ್ದು ಬೇರೇನೂ ಇರುವುದಿಲ್ಲ. ಬೆಲ್ಲದಲ್ಲಿ ಕಬ್ಬಿನ ಖನಿಜಾಂಶ ಉಳಿದಿರುತ್ತದೆ, ಕಬ್ಬಿನ ವಾಸನೆಯೂ ಉಳಿದಿರುತ್ತದೆ. ಬಿಳಿಜಾಲಿಯ ತೊಗಟೆಯನ್ನು ಸಾರಾಯಿಗೆ ಬಳಸುವುದು ದೇಶದ ಅನೇಕ ಕಡೆ ಹಳೆಯ ರೂಢಿ. ಅದರ ಒಗರು ಕೊಳೆಯಲ್ಲಿನ ಸಸಾರಜನಕದ ಅಂಶವನ್ನು ತಳಕ್ಕಿಳಿಸುತ್ತದೆ. ಒಗರು ಆವಿಯ ಜೊತೆ ಮೇಲೇಳುವುದಿಲ್ಲವಾದ್ದರಿಂದ, ಓಕ್ ಪೀಪಾಯಿ ವಿಸ್ಕಿಗೆ ಕೊಡುವ ಬಣ್ಣವನ್ನಾಗಲಿ ರುಚಿಯನ್ನಾಗಲಿ ಈ ತೊಗಟೆಯಿಂದ ನಿರೀಕ್ಷಿಸುವಂತಿಲ್ಲ. ಇನ್ನು ನವಸಾಗರ, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ಅಮೋನಿಯಂ ಕ್ಲೋರೈಡ್. ಇದು ನಶೆ ಏರಿಸುತ್ತದೆ ಎಂಬ ನಂಬಿಕೆ ಕುಡಿಯುವವರಲ್ಲೂ ಇದೆ, ಕುಡಿತದ ವಿರುದ್ಧ ಬರೆಯುವವರಲ್ಲೂ ಇದೆ. ಹುಳಿಯೇರಿದ ಕೊಳೆಯಿಂದ ಅದು ಆವಿಯಾಗಿ ಹೊರಡುವುದು ತೀರಾ ಕಡಿಮೆ. ಅದರ ಕೆಲಸ ಯೀಸ್ಟಿಗೆ ಸಾರಜನಕ ಒದಗಿಸುವುದು. ಬೇಗ ಉಕ್ಕಲಿ, ಬೇಗ ಇಳಿಯಲಿ, ಪೊಲೀಸರು ಬರುವ ಮೊದಲೇ ಮುಗಿಯಲಿ ಎಂಬ ಅವಸರ ಆ ತುಂಡಿನಲ್ಲಿದೆ. ಈ ಅವಸರವೇ ಮುಂದಿನ ಪ್ರತಿ ಹಂತವನ್ನೂ ಕೆಡಿಸುತ್ತದೆ.

ಭಟ್ಟಿಯನ್ನೇ ನೋಡಿ. ಒಲೆಯ ಮೇಲೆ ತಗಡಿನ ಡಬ್ಬಿ ಅಥವಾ ಅಲ್ಯುಮಿನಿಯಂ ಪಾತ್ರೆ, ಅದರ ಮೇಲೆ ತಣ್ಣೀರಿನ ಪಾತ್ರೆ, ನಡುವೆ ಆವಿ ತಂಪಾಗಿ ಹನಿಯುವ ಜಾಗ, ಸಂದಿಗೆ ಮೆತ್ತಿದ ಮಣ್ಣು. ತತ್ವ ಸರಿಯಾಗಿದೆ. ಸ್ಕಾಟ್ಲೆಂಡಿನ ವಿಸ್ಕಿಯ ಹಂಡೆಯೂ ನಡೆಯುವುದು ಇದೇ ತತ್ವದ ಮೇಲೆ. ಆದರೆ ಅಲ್ಲಿಯ ಹಂಡೆ ತಾಮ್ರದ್ದು. ಹುದುಗಿನಿಂದ ಬರುವ ಗಂಧಕದ ನಾತವನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ಭಟ್ಟಿಗೆ ಮಾತ್ರ ಬರುವುದಿಲ್ಲ. ಮುಂಜಾನೆ ಒಡೆದು ಹಾಕುವ ಸಾಮಾನಿಗೆ ತಾಮ್ರ ಯಾರು ಹಾಕುತ್ತಾರೆ? ಬೆಸುಗೆ ಹಾಕಿದ ಹಳೆಯ ಡಬ್ಬಿಗಳಾದರೆ ಸೀಸ ಇಳಿಯುವ ಅಪಾಯವೂ ಉಂಟು.

ಭಟ್ಟಿ ಇಳಿಸುವವನ ನಿಜವಾದ ವಿದ್ಯೆ ಇರುವುದು ಏನನ್ನು ಎಸೆಯಬೇಕೆಂದು ತಿಳಿಯುವುದರಲ್ಲಿ. ಮೊದಲ ಹನಿಗಳಲ್ಲಿ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ನಂಥ ಮೂಗಿಗೆ ಹೊಡೆಯುವ ವಸ್ತುಗಳು, ಕೊನೆಯ ಹನಿಗಳಲ್ಲಿ ಎಣ್ಣೆಯಂಥ ಭಾರದ ಆಲ್ಕೋಹಾಲುಗಳು. ನಡುವಿನದನ್ನಷ್ಟೇ ಇಟ್ಟುಕೊಳ್ಳಬೇಕು. ತನ್ನ ಬಾಯಿಗೆ ಮಾಡಿಕೊಳ್ಳುವವನು ಎಸೆದಾನು. ಗ್ಲಾಸಿನ ಲೆಕ್ಕದಲ್ಲಿ ಮಾರುವವನು, ಬೆಲ್ಲಕ್ಕೆ ಸಾಲ ತಂದವನು, ಎಸೆಯುವುದಿಲ್ಲ. ಮೊದಲನೆಯದೇ ಖಡಕ್ ಎಂದು ಹೆಚ್ಚಿಗೆ ಮಾರುತ್ತಾನೆ, ಕೊನೆಯದನ್ನು ಬೆರೆಸಿ ಅಳತೆ ತುಂಬಿಸುತ್ತಾನೆ. ಕಳ್ಳಬಟ್ಟಿಯ ರುಚಿ ಕೆಟ್ಟಿರುವುದು ಮಾಡುವವರಿಗೆ ಕೈಗುಣ ಇಲ್ಲದೆ ಅಲ್ಲವೇ ಅಲ್ಲ. ಕೈಗುಣ ತೋರಿಸಿದರೆ ಲುಕ್ಸಾನು.

ನಂತರ ಪರೀಕ್ಷೆ. ಕಡ್ಡಿ ಗೀರಿ ಹಿಡಿಯುತ್ತಾರೆ. ಉರಿ ನೀಲಿ ಬಂತೆಂದರೆ ಮಾಲು ಚಲೋ ಐತಿ ಎನ್ನುತ್ತಾರೆ. ಈ ನಂಬಿಕೆಯನ್ನು ಗಟ್ಟಿಯಾಗಿ ಅಲ್ಲಗಳೆಯಬೇಕು. ಹೊತ್ತಿಕೊಂಡರೆ ಅದರಲ್ಲಿ ಆಲ್ಕೋಹಾಲು ಸಾಕಷ್ಟಿದೆ ಎಂದಷ್ಟೇ ಅರ್ಥ. ಕಣ್ಣು ಕಳೆಯುವ ಮೆಥನಾಲ್ ಕೂಡ ತೆಳು ನೀಲಿಯಾಗಿಯೇ ಉರಿಯುತ್ತದೆ, ಹಗಲಿನಲ್ಲಿ ಕಾಣುವುದೂ ಇಲ್ಲ. ವಾಸನೆಯಿಂದ, ನಾಲಿಗೆಯಿಂದ ಅದನ್ನು ಬೇರೆ ಮಾಡಿ ಗುರುತಿಸಲಾಗದು.

ಮೆಥನಾಲ್ ಎಲ್ಲಿಂದ ಬರುತ್ತದೆ ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಹಣ್ಣಿನ ಸಿಪ್ಪೆ, ತಿರುಳಿನಲ್ಲಿರುವ ಪೆಕ್ಟಿನ್‌ನಿಂದ ಅದು ಸ್ವಲ್ಪ ಹುಟ್ಟುತ್ತದೆ. ಬೆಲ್ಲದ, ಸಕ್ಕರೆಯ ಕೊಳೆಯಲ್ಲಿ ಹುಟ್ಟುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಈ ಮೂರೂ ಕಡೆ ಕೊಂದದ್ದು ಮೆಥನಾಲ್. ಅದು ಕಾರ್ಖಾನೆಗಳ ಸರಕು. ಭಟ್ಟಿಯ ಶ್ರಮವನ್ನೂ ಉಳಿಸಿ ಲಾಭ ಹೆಚ್ಚಿಸಲು ಬೆರೆಸುವ ವಸ್ತು. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ, ಕಣ್ಣಿನ ನರ ಸಾಯುತ್ತದೆ. ಕುಡಿದು ಎಷ್ಟೋ ತಾಸು ಏನೂ ಆದಂತೆ ಕಾಣುವುದಿಲ್ಲ, ಆಸ್ಪತ್ರೆಗೆ ಹೋಗುವ ಹೊತ್ತು ಅಷ್ಟರಲ್ಲಿ ಎಷ್ಟೋ ಸಲ ಮೀರಿರುತ್ತದೆ. ಬೆಲ್ಲದ ಭಟ್ಟಿಗೂ ಈ ಕಲಬೆರಕೆಗೂ ಒಂದೇ ಹೆಸರಿಟ್ಟು ಮಾತಾಡುವುದರಿಂದ ನಿಜವಾದ ಕೊಲೆಗಾರ ತಪ್ಪಿಸಿಕೊಳ್ಳುತ್ತಾನೆ. ದಾಳಿ ಮಾಡಿದಾಗ ಲೀಟರಿನ ಜೊತೆಗೆ ಮಾದರಿಯಲ್ಲಿ ಏನು ಸಿಕ್ಕಿತು ಎಂಬುದನ್ನೂ ಇಲಾಖೆ ಊರಿಗೆ ತಿಳಿಸಬೇಕು. ಪಕ್ಕದ ರಾಯಚೂರಿನ ಸೀಮೆಯಲ್ಲಿ ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪುಡಿ ಬೆರೆಸಿದ ಶೇಂದಿಯ ಹಾವಳಿ ಎಷ್ಟು ವರ್ಷದಿಂದ ನಡೆದಿದೆ. ಬೆರೆಸಿದ್ದರ ಹೆಸರು ಗೊತ್ತಿದ್ದರೆ ಜನ ಅದರ ವಿರುದ್ಧ ದನಿ ಎತ್ತಬಲ್ಲರು.

ಹೊರದೇಶಗಳಲ್ಲಿ ಮನೆಯಲ್ಲೇ ಭಟ್ಟಿ ಇಳಿಸುವ ಹವ್ಯಾಸಿಗಳಿದ್ದಾರೆ. ನ್ಯೂಜಿಲೆಂಡ್ 1996ರಿಂದ ಸ್ವಂತ ಬಳಕೆಗೆ ಅದನ್ನು ಕಾನೂನುಬದ್ಧ ಮಾಡಿದೆ. ಅವರಲ್ಲಿ ಕೆಲವರು ಮುಂಜಾನೆಯ ತಿಂಡಿಯ ಕಾರ್ನ್‌ಫ್ಲೇಕ್ಸ್ ಡಬ್ಬಿಯನ್ನು ಸಕ್ಕರೆ ನೀರಿಗೆ ಸುರಿದು ವಿಸ್ಕಿಯಂಥದ್ದನ್ನು ಇಳಿಸುತ್ತಾರೆ. ಅದರಲ್ಲಿ ಒಂದು ಕಣ್ಕಟ್ಟಿದೆ. ಕಾಳಿನ ಗಂಜಿ ಸಕ್ಕರೆಯಾಗಬೇಕಾದರೆ ಮೊಳಕೆ ಬಂದ ಕಾಳಿನ ಕಿಣ್ವ ಬೇಕು. ಮಾಲ್ಟ್ ಹಾಕದಿದ್ದರೆ ಆ ಚಕ್ಕೆಗಳು ಬಹುಮಟ್ಟಿಗೆ ಹಾಗೆಯೇ ತಳದಲ್ಲಿ ಉಳಿಯುತ್ತವೆ. ಆಲ್ಕೋಹಾಲು ಪೂರಾ ಸಕ್ಕರೆಯದು, ಚಕ್ಕೆಯಿಂದ ಬರುವುದು ಸ್ವಲ್ಪ ಕಾಳಿನ ಘಮ. ಆದರೂ ಅವರಿಂದ ಕಲಿಯಬೇಕಾದದ್ದಿದೆ. ಅವರು ಉಷ್ಣತೆ ನೋಡುತ್ತಾರೆ, ಬಲ ಅಳೆಯುತ್ತಾರೆ, ಮೊದಲನೆಯದನ್ನು ಚೆಲ್ಲುತ್ತಾರೆ, ತಪ್ಪಾದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಗುಟ್ಟು ಇಲ್ಲದಲ್ಲಿ ಮಾತ್ರ ಇದು ಸಾಧ್ಯ.

ನಮ್ಮ ನೆಲದ ಕಾಳು ಜೋಳ. ಎರೆಭೂಮಿಯ ಹಿಂಗಾರಿ ಬಿಳಿಜೋಳ, ಮಾಲದಂಡಿ, ರೊಟ್ಟಿಗೆ ಅದರ ಸಮ ಬೇರೆ ಇಲ್ಲ. ಚೀನಾದವರು ಕೆಂಪು ಜೋಳದಿಂದ ಮಾವ್‌ತಾಯ್ ಎಂಬ ಹೆಸರಾಂತ ಮದ್ಯ ಇಳಿಸುತ್ತಾರೆ. ಇಲ್ಲಿ ಜೋಳ ರೊಟ್ಟಿಯಾಯಿತು, ಅಂಬಲಿಯಾಗಿ ಹುಳಿ ಬಂತು, ಸೀತನಿಯಾಗಿ ಹೊಲದಲ್ಲೇ ಸುಟ್ಟು ತಿನ್ನಲಾಯಿತು. ಭಟ್ಟಿಯ ಪಾಲಾದದ್ದು ಬೆಲ್ಲ. ಬರಗಾಲ ಕಂಡ ಸೀಮೆ ತನ್ನ ಕಾಳನ್ನು ಹೊಟ್ಟೆಗೇ ಇಟ್ಟುಕೊಂಡದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಈ ವಿವೇಕಕ್ಕೆ ಒಂದು ಬೆಲೆಯೂ ತೆರಬೇಕಾಯಿತು: ಭಟ್ಟಿ ಇಲ್ಲಿ ಬೇಸಾಯದ, ಸುಗ್ಗಿಯ, ಊಟದ ಭಾಗವಾಗಿ ಬೆಳೆಯಲೇ ಇಲ್ಲ. ಅಂಗಡಿಯ ಬೆಲ್ಲ ತಂದು ಮಾಡುವ ದಂಧೆಯಾಗಿಯೇ ಉಳಿಯಿತು.

ಭೀಮೆಯ ಮತ್ತು ಕೃಷ್ಣೆಯ ನೀರು, ಆಲಮಟ್ಟಿ ಜಲಾಶಯದ ಕಾಲುವೆಗಳು ಬಂದ ಮೇಲೆ ಕಬ್ಬು ಹಬ್ಬಿತು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ, ಸಿಂದಗಿಯ ಮಗ್ಗುಲಿನ ಆಲಮೇಲದಲ್ಲಿ ಖಾಸಗಿ ಕಾರ್ಖಾನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಮದ್ಯಸಾರದ ಕಚ್ಚಾವಸ್ತು. ವಿಸ್ಕಿ ಎಂಬ ಹೆಸರಿನಲ್ಲಿ ವೈನ್‌ಶಾಪಿನಲ್ಲಿ ಸಿಗುವ ಅಗ್ಗದ ಬಾಟಲಿಗಳಲ್ಲಿ ಬಹುಪಾಲಿನ ಮೂಲ ಕಾಕಂಬಿಯ ಮದ್ಯಸಾರ. ಬಣ್ಣ, ಪರಿಮಳ ನಂತರ ಸೇರಿದ್ದು. ಇದನ್ನು ಐರೋಪ್ಯ ಒಕ್ಕೂಟದ ದೇಶಗಳು ವಿಸ್ಕಿ ಎಂದು ಒಪ್ಪುವುದಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್, 1948ರಲ್ಲಿ ಶುರುವಾದದ್ದು, ಬಾರ್ಲಿಯಿಂದಲೇ ಮಾಡಿದ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ ಜಗತ್ತನ್ನು ಮೆಚ್ಚಿಸಿತು. ಅದು ಕೂಲಿಯವನ ಕೈಗೆಟುಕುವ ಬಾಟಲಿಯಲ್ಲ. ಕೂಲಿಯವನ ಮುಂದಿರುವ ಎರಡೂ ಕಬ್ಬಿನ ಮಕ್ಕಳೇ. ಒಂದು ಕಾನೂನಿನ ಒಳಗೆ, ಒಂದು ಹೊರಗೆ. ಒಳಗಿನದಕ್ಕೆ ದೊಡ್ಡದೊಂದು ಗುಣವಿದೆ, ಅದನ್ನು ಮುಚ್ಚಿಡಬಾರದು: ಶೇ 42.8 ಎಂದು ಬರೆದಿದ್ದರೆ ಅಷ್ಟೇ ಇರುತ್ತದೆ, ಒಳಗೇನಿದೆ ಎಂದು ಪರೀಕ್ಷಿಸಿದವರು ಇರುತ್ತಾರೆ, ಸತ್ತರೆ ಹೊಣೆ ಹೊರುವ ಒಂದು ವಿಳಾಸ ಇರುತ್ತದೆ. ಕಳ್ಳಬಟ್ಟಿಯ ಗ್ಲಾಸು ನಿನ್ನೆಯ ಬಲದಲ್ಲಿ ಇವತ್ತು ಇರುವುದಿಲ್ಲ. ಎಷ್ಟು ಕುಡಿದೆನೆಂದು ಕುಡಿದವನಿಗೇ ತಿಳಿಯುವುದಿಲ್ಲ. ಈ ಒಂದು ದೋಷ ಸಾಕು, ಈ ಸಾರಾಯಿಯನ್ನು ನಾನು ಯಾರ ಬಾಯಿಗೂ ಸಲ್ಲದ್ದೆನ್ನಲು.

ಭಟ್ಟಿ ಇಲ್ಲಿ ಗುಟ್ಟಿನ ಕೆಲಸವಾದದ್ದಕ್ಕೆ ಚರಿತ್ರೆಯಿದೆ. ವಿಜಯಪುರ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿತ್ತು. 1878ರ ಮುಂಬೈ ಅಬಕಾರಿ ಕಾಯ್ದೆ ಊರೂರಿನ ಭಟ್ಟಿಗಳನ್ನು ಮುಚ್ಚಿಸಿ ಸರ್ಕಾರದ ಹಿಡಿತದ ದೊಡ್ಡ ಭಟ್ಟಿಗಳಿಗೆ ವ್ಯಾಪಾರ ಒಪ್ಪಿಸಿತು, ತೆರಿಗೆಯೇ ಗುರಿ. ಮದ್ಯ ಇಳಿಸುವ ಇಪ್ಪೆ ಹೂವಿನ ಮೇಲೂ 1892ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ 1949ರ ಕಾಯ್ದೆಯ ಬಲದಿಂದ 1950ರಲ್ಲಿ ಮುಂಬೈ ರಾಜ್ಯ ಪೂರ್ಣ ಪಾನನಿಷೇಧ ತಂದಿತು. 1956ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು. 1960ರ ದಶಕದ ಕೊನೆಗೆ ನಿಷೇಧ ಸಡಿಲಾಗಿ ಸಾರಾಯಿ ಗುತ್ತಿಗೆಯ ಕಾಲ ಬಂತು. 2007ರ ಜುಲೈ 1ರಿಂದ ರಾಜ್ಯ ಸಾರಾಯಿಯನ್ನೇ ನಿಷೇಧಿಸಿತು. ಪಾಕೀಟು ಸಾರಾಯಿ ಹೋಯಿತು. ಕುಡಿಯುವವನು ದುಬಾರಿ ಬಾಟಲಿಗೆ ಏರಿದ, ಇಲ್ಲವೇ ಹಳ್ಳದ ದಂಡೆಗೆ ಇಳಿದ. ಪ್ರತಿ ಸಲವೂ ಮೇಲಿನಿಂದ ಬಾಗಿಲು ಮುಚ್ಚಿತು, ಕುಡಿತ ಹಿಂದಿನ ಬಾಗಿಲಿಗೆ ಬಂತು. 2025-26ರ ಬಜೆಟ್ಟಿನಲ್ಲಿ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಇಷ್ಟು ಗಳಿಸುವ ಸರ್ಕಾರ ತಾಂಡಾದ ಹೆಂಗಸಿನ ಕೊಡ ಒಡೆಯುವಾಗ ನೀತಿಯ ಮಾತು ಆಡಬಾರದು. ಅಪಾಯದ ಮಾತು ಆಡಲಿ, ಅದು ಸತ್ಯ.

ತಾಂಡಾ ಎಂದರೆ ಭಟ್ಟಿ ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ! ಲಂಬಾಣಿ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ, ಗೋವಾದ ಕಟ್ಟಡಗಳಿಗೆ ದುಡಿಯಲು ಹೋಗುವುದು ಯಾರ ಲೆಕ್ಕದಲ್ಲೂ ಇಲ್ಲ. ಭೂಮಿ ಇಲ್ಲದ, ಸಾಲ ಸಿಗದ ಮನೆಗೆ ಒಂದು ಮೂಟೆ ಬೆಲ್ಲ ವಾರದೊಳಗೆ ರೊಕ್ಕವಾಗುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಲದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ, ಹೆಂಡ ಮಾರುವುದು ಅವನ ಕಸುಬಾಗಿತ್ತು. ಮಾರುವವನನ್ನು ಮನುಷ್ಯನೆಂದು ಒಳಗೆ ಕರೆದುಕೊಂಡು, ಮಾರುವುದರ ಬಗ್ಗೆ ನಿಷ್ಠುರವಾಗಿ ಮಾತಾಡಬಹುದೆಂದು ಈ ನೆಲಕ್ಕೆ ಎಂಟುನೂರು ವರ್ಷದಿಂದ ಗೊತ್ತಿದೆ.

ಗೋವಾದ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಧ್ಯಪ್ರದೇಶ ಇಪ್ಪೆಯ ಮದ್ಯವನ್ನು ಪರಂಪರೆಯ ಮದ್ಯವೆಂದು ಗುರುತಿಸಿ ಆದಿವಾಸಿ ಗುಂಪುಗಳ ಕೈಗೆ ಕೊಡಲು ಹೊರಟಿತು. ನಮ್ಮ ಬೆಲ್ಲದ ಸಾರಾಯಿಗೂ ಹಾಗೆ ಮಾಡಿ ಎನ್ನುವವರ ವಾದದಲ್ಲಿ ಅರ್ಧ ನಿಜವಿದೆ: ಬಯಲಿಗೆ ಬಂದರೆ ತಾಮ್ರದ ಹಂಡೆ ಬರುತ್ತದೆ, ಅಳತೆ ಬರುತ್ತದೆ, ಎಸೆಯುವ ಧೈರ್ಯ ಬರುತ್ತದೆ. ಉಳಿದರ್ಧವನ್ನು ಅವರು ಹೆಂಗಸರಿಂದ ಕೇಳಬೇಕು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದರು. ಅವರು ಕಳ್ಳಬಟ್ಟಿ, ಬಾಟಲಿ ಎಂದು ಭೇದ ಮಾಡಲಿಲ್ಲ. ಶುದ್ಧವಾಗಿ ಇಳಿಸಿದ ಸಾರಾಯಿ ಕುಡಿದು ಬಂದ ಗಂಡನೂ ಹೊಡೆಯುತ್ತಾನೆ. ಫೆನಿಯ ಹಿಂದೆ ಗೋಡಂಬಿಯ ತೋಟವಿದೆ, ಋತುವಿದೆ. ಬೆಲ್ಲದ ಭಟ್ಟಿಗೆ ಋತುವಿಲ್ಲ, ವರ್ಷವಿಡೀ ಇಳಿಯುತ್ತದೆ. ಹಾಗಾಗಿ ನಾನು ಪರವಾನಗಿಯ ಪರ ಇಲ್ಲ. ಒಲೆಯ ಮುಂದೆ ಕುಳಿತವಳನ್ನು ಜೈಲಿಗೆ ಕಳಿಸುವುದರ ಪರವೂ ಇಲ್ಲ. ಬೆಲ್ಲದ ಮೂಟೆಗೆ ಸಾಲ ಕೊಡುವವನು, ಮೆಥನಾಲ್ ತಂದು ಕೊಡುವವನು, ಮಾಲು ಸಾಗಿಸುವವನು ಮೊದಲು ಸಿಕ್ಕಿಬೀಳಲಿ. ಈ ನಾಲ್ಕೂ ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಮೆಥನಾಲ್ ವಿಷಕ್ಕೆ ಚಿಕಿತ್ಸೆ ಕೊಡುವ ಸಿದ್ಧತೆ ಇರಲಿ, ಕಣ್ಣು ಮಂಜಾಯಿತು ಎಂದು ಬಂದವನನ್ನು ಯಾವ ಸೆರೆ, ಎಲ್ಲಿಯದು ಎಂದು ಪೊಲೀಸರ ಭಯವಿಲ್ಲದೆ ಹೇಳಗೊಡಲಿ.