ತೊಗಲಿನ ಬೆಲೆ, ಹದದ ಬೆಲೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಬಿಸಿಲಲ್ಲಿ ಚರ್ಮದ ಜಾಕೆಟ್ಟು ಯಾರಿಗೆ ಬೇಕು ಅಂತ ನೀವು ನಗಬಹುದು. ಆದರೆ ತೊಗಲಿನ ಗುಣ ಬಲ್ಲದ್ದು ನಮ್ಮ ಮಾದಿಗರ ಕೇರಿ. ಹಿಂದೆ ಇಲ್ಲಿ ಸುಣ್ಣದಲ್ಲಿ ಕೂದಲು ಬಿಡಿಸಿ, ತಂಗಡಿ ಚಕ್ಕೆಯ ನೀರಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಅಂಥ ತೊಗಲು ಎಣ್ಣೆ ಕುಡಿದಷ್ಟೂ ಮೆತ್ತಗಾಗುತ್ತೆ, ಬಣ್ಣ ಗಾಢವಾಗುತ್ತೆ. ಮೇಲ್ಪದರ ಉಜ್ಜಿ ಬಣ್ಣ ಬಳಿದದ್ದು ಸಿಪ್ಪೆ ಏಳುತ್ತೆ. 4,000 ರೂಪಾಯಿಯದು 2 ವರ್ಷ, 20,000ದ್ದು 20 ವರ್ಷ ಬಾಳಿದರೆ ದುಬಾರಿಯದೇ ಅಗ್ಗ. ಈ ಲೆಕ್ಕ ಒಪ್ಪಿದೆವು.

ಆದರೆ ಜಾಕೆಟ್ಟಿನ ಸುಕ್ಕನ್ನು ಸೊಗಸು ಅನ್ನೋರು, ಸುಣ್ಣ ತಿಂದು ಸುಕ್ಕಾದ ಕೈಯನ್ನು ಮುಟ್ಟಲಿಲ್ಲ. 1976ರಲ್ಲಿ ಸರ್ಕಾರ ಲಿಡ್ಕರ್ ನಿಗಮ ಕಟ್ಟಿತು. ಬೆಲೆ ಕಟ್ಟುವ ಕಣ್ಣು ಬದಲಾಗಲಿಲ್ಲ. ಪೇಟೆಯ ಜಾಕೆಟ್ಟಿಗೆ ಕೇಳಿದಷ್ಟು ಎಣಿಸಿ ಕೊಟ್ಟವರೇ, ಕೇರಿಯ ಎಕ್ಕಡಕ್ಕೆ ಹತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ.