ನೀರಿನ ಬಟ್ಟಲು ಬಿಡದ ಹಾವು

ಹಿರೇಹಂದಿಗೋಳದಿಂದ ನಮ್ಮ ದೊಡ್ಡವ್ವನ ಮೊಮ್ಮಗನ ಫೋನು. “ಕಾಕಾ, ಮೂರು ದಿನಾ ಆತು, ಮರಿ ನೀರಿನ ಬಟ್ಟಲಾ ಬಿಟ್ಟು ಏಳವಲ್ದು. ಸೆಕಿ ಆಗಿರಬೇಕಲ್ಲ?”

ಏಪ್ರಿಲ್ ತಿಂಗಳ ಗದಗ ಸೀಮೆಯಲ್ಲಿ ನೀರು ಸಿಕ್ಕರೆ ನಾನೂ ಏಳಲಾರೆ. ಆದರೆ ಇಲ್ಲಿ ಮರಿ ಎಂದರೆ ಬಾಲ್ ಪೈಥಾನ್. ಆಫ್ರಿಕಾದ ಹಾವು, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಅಡಗಿಸಿಕೊಳ್ಳುವ ಸಾಧು ಪ್ರಾಣಿ. ಬಿಸಿಲು ಅದಕ್ಕೆ ಹೊಸದಲ್ಲ. ಪೊರೆ ಬಿಡುವ ಮುಂಚೆಯೂ ಹಾವು ನೀರಿಗಿಳಿಯುವುದುಂಟು, ಆದರೆ ಆಗ ಕಣ್ಣು ಹಾಲುಗಟ್ಟಿದಂತೆ ಮಸುಕಾಗಿರುತ್ತದೆ. ಇದರ ಕಣ್ಣು ನಿಚ್ಚಳವಾಗಿದೆಯಂತೆ. “ಬಿಳಿ ಅರಿವಿ ಒದ್ದಿ ಮಾಡಿ ಮೈ ಒರಸು, ಗದ್ದದ ಕೆಳಗ, ಕಣ್ಣಿನ ಸುತ್ತ. ಅರಿವಿ ಮ್ಯಾಲ ಏನ್ ಬಂತು ಹೇಳು” ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. “ಸಾಸಿವಿಗಿಂತ ಸಣ್ಣ ಕರಿ ಚುಕ್ಕಿ ಅದಾವ ಕಾಕಾ. ಓಡ್ಯಾಡಾಕ ಹತ್ಯಾವು.”

ನುಸಿ. ಹಾವು ನೀರಿನಲ್ಲಿ ಕೂತದ್ದು ತಂಪಿಗಲ್ಲ, ಮೈಮೇಲಿನವನ್ನು ಮುಳುಗಿಸಿ ಕೊಲ್ಲಲು.

ಮುಂದೆ ಹೋಗುವ ಮೊದಲು ಒಂದು ಮಾತು, ಏಕೆಂದರೆ ಈ ಅಂಕಣ ಓದಿ ಹೊಲದ ಬದುವಿನಲ್ಲಿ ಸಿಕ್ಕ ಕೇರೆ ಮರಿಯನ್ನು ಡಬ್ಬಿಗೆ ಹಾಕಿಕೊಂಡು ಬರುವ ಪುಣ್ಯಾತ್ಮರು ಇರಬಹುದು. ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕೇರೆ, ನಾಗರ, ಮಣ್ಣುಮುಕ್ಕ, ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. ಸಾಕಿದರೆ ಜೈಲು. ಬಾಲ್ ಪೈಥಾನ್‌ನಂಥ ಹೊರದೇಶದ ಹಾವಿಗೆ 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು. ನಮ್ಮ ಹುಡುಗ ಕಾಗದಪತ್ರ ಮಾಡಿಸಿಕೊಂಡೇ ತಂದಿದ್ದ. ಹಾವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಹತ್ತಿರದಲ್ಲೇ ಬಿಂಕದಕಟ್ಟಿ ಮೃಗಾಲಯವಿದೆ.

ಹಾವಿನ ನುಸಿಗೆ ಓಫಿಯೋನಿಸ್ಸಸ್ ನ್ಯಾಟ್ರಿಸಿಸ್ ಎಂಬ ದೊಡ್ಡ ಹೆಸರಿದೆ, 1844ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಪಾಲ್ ಜೆರ್ವೆ ಇದನ್ನು ವಿವರಿಸಿದ. ರಕ್ತ ಕುಡಿದು ಉಬ್ಬಿದ ಹೆಣ್ಣು ಹೆಚ್ಚೆಂದರೆ ಒಂದೂಕಾಲು ಮಿಲಿಮೀಟರ್. ಹುರುಪೆಗಳ ಸಂದಿ, ಕಣ್ಣಿನ ಅಂಚು, ಗದ್ದದ ಕೆಳಗಿನ ಗೆರೆ, ಪೈಥಾನ್ ತುಟಿಯ ಮೇಲಿನ ಶಾಖ ಗ್ರಹಿಸುವ ಗುಳಿಗಳು ಅದರ ಊಟದ ಜಾಗ. ಮೈಮೇಲೆ ಬೂದಿ ಉದುರಿಸಿದಂತೆ ಬಿಳಿ ಪುಡಿ ಕಂಡರೆ ಅದು ನುಸಿಯ ಹಿಕ್ಕೆ. ದೊಡ್ಡ ಹಾವು ಹತ್ತಿಪ್ಪತ್ತು ನುಸಿಯನ್ನು ತಡೆದೀತು. 80 ಗ್ರಾಂ ತೂಗುವ ಮರಿಯ ಮೈಯಲ್ಲಿ ಇರುವ ರಕ್ತವೇ ಎಷ್ಟು? ಅದಕ್ಕೆ ರಕ್ತಹೀನತೆ ಬೇಗ ಬರುತ್ತದೆ, ಕಚ್ಚಿದ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ, ಪೊರೆ ಚೂರುಚೂರಾಗಿ ಬಿಡುತ್ತದೆ, ಊಟ ಒಲ್ಲೆನ್ನುತ್ತದೆ. ಮನುಷ್ಯನ ಮೇಲೆ ಈ ನುಸಿ ಬದುಕದು, ಆದರೆ ಕಚ್ಚುತ್ತದೆ. ಹುಡುಗನ ಮಣಿಕಟ್ಟಿನಲ್ಲಿ ಎದ್ದಿದ್ದ ಕೆಂಪು ಗುಳ್ಳೆಗಳನ್ನು ಮನೆಯವರು ಬೆವರುಸಾಲೆ ಎಂದುಕೊಂಡಿದ್ದರು.

ಭಾನುವಾರ ನಾನೇ ಹೋದೆ. ಪಡಸಾಲೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ತೇವದ ಕೊಕೊಪೀಟ್, ಮರದ ತೊಗಟೆ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಬಳ್ಳಿ. ಚಂದ ಇತ್ತು, ನುಸಿಗೂ ಅರಮನೆ. ಹುಡುಗ ಮೊಬೈಲ್ ಹಿಡಿದುಕೊಂಡು ಹಾವಿಗೆ ಏನು ಹಚ್ಚಬೇಕು ಎಂದು ಹುಡುಕುತ್ತಿದ್ದ. ದೊಡ್ಡವ್ವ ಬಾಗಿಲಲ್ಲೇ ನಿಂತು, “ಹಾವಿಗೆ ಏನ್ ಹಚ್ಚತೀರಿ? ಕೋಳಿಗೆ ಕೂರಿ ಆದ್ರ ನಾವು ಕೋಳಿಗೆ ಹಚ್ಚತೀವೇನು? ಗೂಡಿಗೆ ಸುಣ್ಣಾ ಹೊಡೀತೀವಿ” ಅಂದಳು.

ಆ ಮನೆಯಲ್ಲಿ ವಿಷಯ ತಿಳಿದವರು ಅವಳೊಬ್ಬಳೇ ಎಂದು ನನಗೆ ಆಗಲೇ ಅನಿಸಿತು. ಕೋಳಿಗೂಡಿನ ಕೆಂಪು ನುಸಿಯೂ ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಕುಡಿಯುತ್ತದೆ. ಹಾವಿನ ನುಸಿ ಅದರ ದೂರದ ದಾಯಾದಿ. ಹೆಣ್ಣು ಹೊಟ್ಟೆ ತುಂಬಿದ ಮೇಲೆ ಹಾವಿನಿಂದ ಇಳಿದು ಕತ್ತಲ, ತೇವದ ಬಿರುಕು ಹುಡುಕಿ ಅಲ್ಲಿ ಮೊಟ್ಟೆಯಿಡುತ್ತದೆ. ತನ್ನ ಆಯುಸ್ಸಿನಲ್ಲಿ ಒಂದು ಹೆಣ್ಣು ಇಡುವುದು 60ರಿಂದ 80 ಮೊಟ್ಟೆ. ಮೊಟ್ಟೆಯಿಂದ ಬಂದ ಮರಿ ನಾಲ್ಕು ಹಂತ ದಾಟುತ್ತದೆ, ಅದರಲ್ಲಿ ಎರಡು ಹಂತದಲ್ಲಿ ಮಾತ್ರ ರಕ್ತ ಬೇಕು. ಬೆಚ್ಚಗಿದ್ದರೆ ಎರಡು ವಾರದೊಳಗೆ ಹೊಸ ಪೀಳಿಗೆ. ಅಂದರೆ ಹಾವಿನ ಮೈಮೇಲೆ ಕಾಣುವುದು ಪಂಕ್ತಿಗೆ ಕೂತವು ಮಾತ್ರ, ಸಂಸಾರವೆಲ್ಲ ಪೆಟ್ಟಿಗೆಯಲ್ಲಿ.

ಕಾಡಿನ ಹಾವಿಗೂ ಉಡಕ್ಕೂ ಉಣ್ಣಿ, ನುಸಿ ಇರುತ್ತವೆ. ಆದರೆ ಕೇರೆ ಇವತ್ತು ಈ ಬಿಲ, ನಾಳೆ ಆ ಪೊದೆ. ಹಿಂದೆ ಉಳಿದ ಮೊಟ್ಟೆ ಒಡೆದಾಗ ಮನೆಯೊಡೆಯ ಊರುಬಿಟ್ಟಿರುತ್ತಾನೆ. ಪೆಟ್ಟಿಗೆಯ ಹಾವಿಗೆ ಹೋಗಲು ಊರಿಲ್ಲ.

ಹಾವಾಡಿಗರ ಬುಟ್ಟಿ ನೆನಪಾಗುತ್ತದೆ. ನಾನು ಚಿಕ್ಕವನಿದ್ದಾಗ ಪಂಚಮಿಯ ಹೊತ್ತಿಗೆ ಮನೆಮನೆಗೆ ಬರುತ್ತಿದ್ದರು. ಬಿದಿರಿನ ಬುಟ್ಟಿ, ಒಳಗೆ ವರ್ಷಗಟ್ಟಲೆ ತೊಳೆಯದ ಚಿಂದಿ. ಬಿದಿರಿನ ಹೆಣಿಗೆಯೆಂದರೆ ಸಂದಿಗಳದೇ ರಾಶಿ, ನುಸಿಗೆ ಅದಕ್ಕಿಂತ ಒಳ್ಳೆಯ ಮನೆಯನ್ನು ಯಾರೂ ಕಟ್ಟಿಕೊಡಲಾರರು. ಅದರಲ್ಲಿ ಹಲ್ಲು ಕಿತ್ತ, ಬಾಯಿ ಹುಣ್ಣಾದ ನಾಗರ. ನಾವು ಹಾಲೆರೆದು ಕೈಮುಗಿಯುತ್ತಿದ್ದೆವು. ಇದಕ್ಕೆ ವಿರುದ್ಧವಾದ ಜಾಣತನವನ್ನು ತಮಿಳುನಾಡಿನ ಇರುಳ ಬುಡಕಟ್ಟಿನವರು ತೋರಿದ್ದಾರೆ. ವಿಷ ಸಂಗ್ರಹಕ್ಕೆಂದು 1978ರಲ್ಲಿ ಅವರು ಕಟ್ಟಿಕೊಂಡ ಸಹಕಾರ ಸಂಘ ಮದ್ರಾಸಿನ ಹತ್ತಿರದ ವಡನೆಮ್ಮೇಲಿಯಲ್ಲಿದೆ. ಅಲ್ಲಿ ಹಾವಿರುವುದು ಮಣ್ಣಿನ ಗಡಿಗೆಯಲ್ಲಿ, ಕೆಳಗೆ ಮರಳು, ಬಾಯಿಗೆ ಅರಿವೆ. ಕೆಲವು ವಾರ ಇಟ್ಟು ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಗಡಿಗೆಗೆ ಮೂಲೆಯಿಲ್ಲ, ಹೆಣಿಗೆಯಿಲ್ಲ, ಮರಳು ಚೆಲ್ಲಿದರೆ ಮುಗಿಯಿತು. ಗಾಜಿನ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಕೊಟ್ಟ ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಔಷಧದ ಮಾತಿಗೆ ಬಂದಾಗ ನನಗೆ ನಿಜವಾಗಿ ಭಯವಾದದ್ದು. ಎತ್ತು ಕಟ್ಟಿದ ಮನೆಯಲ್ಲಿ ಉಣ್ಣಿಗೆಂದು ಡೆಲ್ಟಾಮೆಥ್ರಿನ್ ಬಾಟಲಿ ಇದ್ದೇ ಇರುತ್ತದೆ. ಅದು ದನದ ಲೆಕ್ಕದ್ದು. ಮರಿಯ ಮೈಗೆ ಬಿದ್ದರೆ ಮೈ ನಡುಗಿ, ಮಗುಚಿ ಬಿದ್ದ ಹಾವು ಹೊರಳಿ ನೆಟ್ಟಗಾಗಲಾರದು. ಇನ್ನೊಂದು ಐವರ್ಮೆಕ್ಟಿನ್. ಲೆಕ್ಕ ಹಾಕಿ ನೋಡಿ. ಹಾವಿಗೆ ವೈದ್ಯರು ಕೊಡುವುದು ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಅಂದರೆ 80 ಗ್ರಾಂ ಮರಿಗೆ 0.016 ಮಿಲಿಗ್ರಾಂ. ದನಕ್ಕೆ ಚುಚ್ಚುವ ಶೇಕಡ 1ರ ಔಷಧದ ಒಂದೇ ಹನಿಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಇರುತ್ತದೆ. 30 ಪಟ್ಟು! ಸಾಲದ್ದಕ್ಕೆ ಬಾಲ್ ಪೈಥಾನ್‌ಗಳಲ್ಲಿ ಈ ಔಷಧದಿಂದ ನರದ ತೊಂದರೆ ಕಂಡದ್ದುಂಟು. ಅದೇ ಮನೆಯಲ್ಲಿ ಆಮೆ ಇದ್ದರಂತೂ ಬಾಟಲಿ ಬಿಚ್ಚಲೇಬಾರದು, ಆಮೆಗೆ ಐವರ್ಮೆಕ್ಟಿನ್ ಸಾವು. ಸೀಮೆಎಣ್ಣೆ, ತಂಬಾಕಿನ ನೀರು, ನುಸಿಗುಳಿಗೆ, ಇವೆಲ್ಲ ನುಸಿಗಿಂತ ಮೊದಲು ಮರಿಯನ್ನು ಒಯ್ಯುತ್ತವೆ. ಮರಿಯನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿ ಅಂದೆ. ಮದ್ದು ಬೇಕೇ ಬೇಕಾದರೆ ಅಲ್ಲಿ ತೂಗಿ ಅಳೆದು ಕೊಡಲಿ.

ಉಳಿದದ್ದು ದೊಡ್ಡವ್ವನ ದಾರಿ. ಕೊಕೊಪೀಟ್, ತೊಗಟೆ, ಬಳ್ಳಿ ಎಲ್ಲ ಚೀಲಕ್ಕೆ ತುಂಬಿ ಹೊಲದಾಚೆ ಸುಟ್ಟೆವು. ಪೆಟ್ಟಿಗೆಯ ಮೂಲೆಮೂಲೆಗೆ ಕುದಿನೀರು, ಆಮೇಲೆ ಮಾಳಿಗೆಯ ಬಿಸಿಲು. ನುಸಿಗೆ ಒಣಹವೆ ಆಗದು, ನಮ್ಮ ಸೀಮೆಯ ಬೇಸಿಗೆ ಒಮ್ಮೆಯಾದರೂ ಉಪಕಾರಕ್ಕೆ ಬಂತು. ಹಾವನ್ನು ಸದ್ಯಕ್ಕೆ ನುಣುಪು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆವು. ಅಡಗಲು ಬೋರಲು ಹಾಕಿದ ಒಂದು ಡಬ್ಬಿ, ಕುಡಿಯಲು ಒಂದು ಬಟ್ಟಲು, ಅಷ್ಟೇ. ಕೆಳಗೆ ಹಾಸಲು ಹುಡುಗ ಪತ್ರಿಕೆ ತಂದ. ಅದರಲ್ಲಿ ನನ್ನದೇ ಅಂಕಣವಿತ್ತು. ಬೇಡವೆಂದೆ. ಅಭಿಮಾನಕ್ಕಲ್ಲ, ಅಚ್ಚಿನ ಮೇಲೆ ಅಕ್ಷರ ಯಾವುದು ನುಸಿ ಯಾವುದು ತಿಳಿಯುವುದಿಲ್ಲ. ಬಿಳಿ ಟಿಶ್ಯೂ ಕಾಗದ ಹಾಸಿ ದಿನಾ ಬದಲಿಸಬೇಕು. ಇರುವೆಗೆ ಹೆದರಿ ಬೆಲ್ಲದ ಡಬ್ಬಿಯನ್ನು ನೀರಿನ ತಾಟಿನಲ್ಲಿಡುವಂತೆ ಈ ಡಬ್ಬಿಯನ್ನೂ ಸೋಪಿನ ನೀರಿನ ತಾಟಿನಲ್ಲಿಟ್ಟೆವು. ದಿನ ಬಿಟ್ಟು ದಿನ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ, ಹಾವಿನ ಮೈ ಎತ್ತರಕ್ಕಿಂತ ಕಡಿಮೆ ಆಳ, ಪಕ್ಕದಲ್ಲೇ ಕೂತು. ನೀರೇರಿದಾಗ ನುಸಿಗಳು ತಲೆಗೆ ಓಡುತ್ತವೆ, ಅಲ್ಲಿ ಒದ್ದೆ ಹತ್ತಿಯಿಂದ ಒರಸಬೇಕು. ಹೊರದೇಶಗಳಲ್ಲಿ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನೇ ಡಬ್ಬಿಯಲ್ಲಿ ಮಾರುತ್ತಾರೆ, ಕಳ್ಳನ ಹಿಂದೆ ಪೊಲೀಸರನ್ನು ಬಿಟ್ಟಂತೆ.

ಎಷ್ಟು ದಿನ ಎಂದು ಹುಡುಗ ಕೇಳಿದ. ಆರು ವಾರ. ಹತ್ತನೇ ದಿನ ಅರಿವೆ ಶುಭ್ರ ಬಂತೆಂದು ನಿಲ್ಲಿಸಿದವರೇ ತಿಂಗಳೊಪ್ಪತ್ತಿನಲ್ಲಿ ಮತ್ತೆ ಫೋನು ಮಾಡುವವರು.

ನುಸಿ ಬಂದದ್ದು ಎಲ್ಲಿಂದ? ಮರಿ ತಂದ ಅಂಗಡಿಯಿಂದಲೇ ಇರಬೇಕು. ಹೊಸ ಹಾವನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಇಡಬೇಕು. ಹಳೆಯ ಹಾವಿದ್ದರೆ ಮೊದಲು ಅದರ ಕೆಲಸ, ಕೊನೆಗೆ ಹೊಸದರದ್ದು. ಇನ್ನೊಬ್ಬರ ಹಾವು ಮುಟ್ಟಿ ಬಂದ ದಿನ ಅಂಗಿ ಬದಲಿಸದೆ ಪೆಟ್ಟಿಗೆಗೆ ಕೈ ಹಾಕಬಾರದು. ಇದಿಷ್ಟೂ ಹುಡುಗನಿಗೆ ಗೊತ್ತಿತ್ತಂತೆ, ಆದರೆ ಪ್ಲಾಸ್ಟಿಕ್ ಬಳ್ಳಿಯ ಫೋಟೊ ಹಾಕುವ ಅವಸರ.

ಆರನೇ ವಾರ ಮುಗಿದ ಮೇಲೆ ಪೊರೆ ಇಡಿಯಾಗಿ ಬಿಟ್ಟಿತು, ಕಣ್ಣಿನ ಮುಚ್ಚಳದ ಸಮೇತ. ಹುಡುಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ದೊಡ್ಡವ್ವ ದೂರದಿಂದಲೇ ನೋಡಿದಳು. ಈ ಪಂಚಮಿಗೆ ಮನೆಯ ಹಾವಿಗೇ ಹಾಲೆರೀತೀಯೇನು ಎಂದು ಚೇಷ್ಟೆ ಮಾಡಿದೆ. “ನಾ ಹುತ್ತಕ್ಕ ಹೋಗ್ತೀನಪಾ” ಅಂದು ಕೋಳಿಗೂಡಿಗೆ ಸುಣ್ಣ ಕಲಸಲು ಎದ್ದಳು.